ಮೊದಲು ತಾರಸಿ, ಆಮೇಲೆ ಟನ್

ಬಂದವರು ರೂಮಿನ ಬಾಗಿಲ ತನಕವೂ ಹೋಗಲಿಲ್ಲ. ಚಪ್ಪಲಿ ಬಿಡುತ್ತಲೇ, ‘ಸಾರ್, ಮೇಲಕ್ಕೆ ಮೆಟ್ಟಿಲು ಎಲ್ಲೈತೆ?’ ಎಂದರು. ಏಪ್ರಿಲ್‌ನ ಒಂದು ಸಂಜೆ, ಏಳೂವರೆ ಗಂಟೆ. ತುಮಕೂರಿನ ಎಸ್‌.ಎಸ್‌. ಪುರಂನಲ್ಲಿರುವ ನಮ್ಮ ಮನೆಯ ಮೇಲ್ಮಹಡಿ ಕೋಣೆಯ ಎಸಿ ತಣ್ಣಗೆ ಮಾಡುತ್ತಿಲ್ಲವೆಂದು ಅವರನ್ನು ಕರೆಸಿದ್ದೆ. ಗ್ಯಾಸ್ ಹೋಗಿರಬೇಕು ಎಂಬುದು ನನ್ನ ತೀರ್ಮಾನ. ಅವರು ತಾರಸಿಗೆ ಹೋಗಿ ಬರಿಗಾಲಲ್ಲಿ ನಿಂತರು. ಸ್ವಲ್ಪ ಹೊತ್ತಿಗೇ ಒಂದು ಕಾಲು ಎತ್ತಿ ಇನ್ನೊಂದರ ಮೇಲೆ ಭಾರ ಬಿಟ್ಟರು. ‘ಹೊತ್ತು ಮುಳುಗಿ ಒಂದು ಗಂಟೆ ಆಯ್ತು. ಇನ್ನೂ ಕಾಲಿಡಾಕೆ ಆಗ್ತಿಲ್ಲ ನೋಡಿ. ನಿಮ್ಮ ಎಸಿ ಕೆಟ್ಟಿಲ್ಲ ಸಾರ್. ಇದರ ಕೆಳಗೆ ಮಲಗ್ತಿದೀರಲ್ಲ, ಅದು ತೊಂದರೆ.’

ಕೆಳಗೆ ಬಂದು ಸ್ಟೂಲು ಹತ್ತಿ ಕೋಣೆಯ ಛಾವಣಿಗೆ ಅಂಗೈ ಒತ್ತಿದರು. ನನಗೂ ಹತ್ತಿ ಮುಟ್ಟಲು ಹೇಳಿದರು. ಒಲೆಯಿಂದ ಇಳಿಸಿ ಅರ್ಧ ಗಂಟೆಯಾದ ಹೆಂಚಿನ ಹಾಗಿತ್ತು. ಮೂರು ಬೇಸಿಗೆ ಆ ಕೋಣೆಯಲ್ಲಿ ಮಲಗಿದ್ದೆ, ಒಮ್ಮೆಯೂ ಅದನ್ನು ಮುಟ್ಟಿ ನೋಡಿರಲಿಲ್ಲ.

ಆ ಎಸಿ ಕೊಂಡಾಗ ಅಂಗಡಿಯಲ್ಲಿ ನಡೆದ ಮಾತು ಅರ್ಧ ನಿಮಿಷದ್ದು. ರೂಮು ಎಷ್ಟು ಅಡಿ ಅಂದರು, ಹತ್ತು ಹನ್ನೆರಡು ಅಂದೆ. ಮೇಲಿನ ಮನೆಯಾ ಅಂದರು, ಹೌದು ಅಂದೆ. ‘ಹಂಗಾದ್ರೆ ಒಂದೂವರೆ ಟನ್ ತಗೊಂಡುಬಿಡಿ, ಯೋಚನೆ ಇರಲ್ಲ.’ ಇನ್ವರ್ಟರ್ ಇಲ್ಲದ್ದು ಒಂದಿಷ್ಟು ಅಗ್ಗವಿತ್ತು, ಅದನ್ನೇ ಹಿಡಿದೆ. ಮರುದಿನ ಡಬ್ಬ ಬಂತು, ಅದರ ಮರುದಿನ ಹುಡುಗರಿಬ್ಬರು ಬಂದು ಗೋಡೆ ಕೊರೆದು ಹಾಕಿಹೋದರು. ಅಲ್ಲಿಂದ ಶುರುವಾಯಿತು. ಹಾಕಿದ ಹತ್ತು ನಿಮಿಷಕ್ಕೆ ಗಾಳಿ ಕೊರೆಯುವಷ್ಟು ತಣ್ಣಗಾಗಿ ಕಂಪ್ರೆಸರ್ ನಿಲ್ಲುತ್ತಿತ್ತು. ನಿಂತ ಐದಾರು ನಿಮಿಷಕ್ಕೆ ಮೇಲಿಂದ ಧಗೆ ಇಳಿಯುತ್ತಿತ್ತು. ಕಾಲಿಗೆ ಚಳಿ, ಹಣೆಗೆ ಸೆಕೆ. ಹೆಂಡತಿ ದುಪ್ಪಟಿ ಎಳೆದುಕೊಳ್ಳುತ್ತಿದ್ದಳು, ನಾನು ರಿಮೋಟ್ ಹುಡುಕಿ 18ಕ್ಕೆ ಇಳಿಸುತ್ತಿದ್ದೆ.

ಟನ್ ಎಂಬ ಮಾತು ಎಲ್ಲಿಂದ ಬಂತು ಎಂಬುದನ್ನು ಹೇಳದೆ ಮುಂದೆ ಹೋಗಲಾಗದು. ಯಂತ್ರದಿಂದ ತಂಪು ಮಾಡುವ ಕಾಲಕ್ಕೆ ಮೊದಲು ತಂಪೆಂದರೆ ಮಂಜುಗಡ್ಡೆ. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಅಲ್ಲಿನ ಕೆರೆಗಳಲ್ಲಿ ಚಳಿಗಾಲಕ್ಕೆ ಹೆಪ್ಪುಗಟ್ಟಿದ ನೀರನ್ನು ಕೊಯ್ಯಿಸಿ, ಮರದ ಹೊಟ್ಟಿನಲ್ಲಿ ಹುದುಗಿಸಿ, 1833ರಲ್ಲಿ ಕಲ್ಕತ್ತೆಗೆ ಹಡಗಿನಲ್ಲಿ ಕಳಿಸಿದ. ಮದ್ರಾಸಿನಲ್ಲಿ ಅವನ ಮಂಜುಗಡ್ಡೆ ಇಡಲು ಕಟ್ಟಿದ ಮನೆ ಇಂದಿಗೂ ಕಡಲತೀರದಲ್ಲಿದೆ. ಚೆನ್ನೈಗೆ ಹೋದವರು ಅದನ್ನು ವಿವೇಕಾನಂದರ ಹೆಸರಿನ ಸ್ಮಾರಕವಾಗಿ ನೋಡಿರುತ್ತಾರೆ. ಮುಂದೆ ಯಂತ್ರಗಳು ಬಂದಾಗ ಅವುಗಳ ಶಕ್ತಿ ಅಳೆಯಲು ಜನರಿಗೆ ಗೊತ್ತಿದ್ದ ಅಳತೆಯನ್ನೇ ಹಿಡಿದರು. ಅಮೆರಿಕದ ಲೆಕ್ಕದ ಒಂದು ಟನ್, ಅಂದರೆ 907 ಕಿಲೋ ಮಂಜುಗಡ್ಡೆ, ಒಂದು ಹಗಲು ಒಂದು ರಾತ್ರಿಯಲ್ಲಿ ಕರಗುತ್ತ ಎಷ್ಟು ಶಾಖ ಹೀರುತ್ತದೋ ಅಷ್ಟನ್ನು ಹೊರಹಾಕುವ ಯಂತ್ರ ಒಂದು ಟನ್ನಿನದು. ಇಂದಿನ ಅಳತೆಯಲ್ಲಿ ಅದು 3,517 ವ್ಯಾಟ್. ತೂಕಕ್ಕೂ ಅದಕ್ಕೂ ಸಂಬಂಧವಿಲ್ಲ, ಕೋಣೆಯ ಅಳತೆಗೂ ನೇರ ಸಂಬಂಧವಿಲ್ಲ. ಕೋಣೆಯೊಳಗೆ ಎಷ್ಟು ಶಾಖ ಬರುತ್ತಿದೆಯೋ ಅಷ್ಟನ್ನು ಎತ್ತಿ ಹೊರಗೆ ಹಾಕಬೇಕು, ಅಷ್ಟೇ ಅದರ ಕೆಲಸ.

ಹಾಗಾದರೆ ಎಷ್ಟು ಬರುತ್ತಿದೆ? ಎಸ್‌ಐಟಿ ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗನನ್ನು ಕೂರಿಸಿಕೊಂಡು ನಮ್ಮ ಕೋಣೆಯ ಲೆಕ್ಕ ಹಾಕಿದೆವು. ಅವರ ಪಠ್ಯದಲ್ಲಿ ಇದಕ್ಕೆ ಶಾಖದ ಹೊರೆ ಎಂಬ ಒಂದು ಅಧ್ಯಾಯವೇ ಇದೆ. ಹೊರಗೆ 36 ಡಿಗ್ರಿ, ಒಳಗೆ 25 ಬೇಕು ಎಂದು ಇಟ್ಟುಕೊಂಡೆವು. ಪಡುವಣದ ಬಿಸಿಲು ಹೊಡೆಯುವ ಇಟ್ಟಿಗೆ ಗೋಡೆಯಿಂದ ಸುಮಾರು 290 ವ್ಯಾಟ್, ಬಡಗಣ ಗೋಡೆಯಿಂದ 185. ನಾಲ್ಕಡಿ ಅಗಲದ ಪಡುವಣ ಕಿಟಕಿಯೊಂದರಿಂದಲೇ, ಒಳಗೆ ಪರದೆ ಇಳಿಬಿಟ್ಟರೂ, 480ರಷ್ಟು. ಬಾಗಿಲ ಸಂದಿಯಿಂದ ನುಸುಳುವ ಗಾಳಿಯದು ನೂರರ ಆಸುಪಾಸು. ಸುಮ್ಮನೆ ಕೂತ ಮನುಷ್ಯನ ಮೈಯಿಂದ 120 ವ್ಯಾಟ್ ಶಾಖ ಹೊರಡುತ್ತದೆ, ಇಬ್ಬರಿಗೆ 240. ಫ್ಯಾನು, ಟಿವಿ, ದೀಪ ಸೇರಿ 150. ಉಳಿದದ್ದು ಛಾವಣಿ. ಅದೊಂದರದ್ದೇ 900 ದಾಟಿತು. ಎಲ್ಲ ಕೂಡಿದರೆ 2,350 ವ್ಯಾಟ್ ಆಸುಪಾಸು, ಅಂದರೆ ಒಂದು ಟನ್ನಿನ ಮೂರನೇ ಎರಡು ಭಾಗ. ನಾನು ತಂದಿಟ್ಟಿದ್ದು ಒಂದೂವರೆ ಟನ್.

ಅದೇ ಅಳತೆಯ ಕೋಣೆಯನ್ನು ನೆಲಮಹಡಿಗೆ ಇಳಿಸಿ, ಮೇಲೆ ಇನ್ನೊಂದು ಮನೆ ಇಟ್ಟು, ಕಿಟಕಿಯನ್ನು ನೆರಳಿನ ಕಡೆ ತಿರುಗಿಸಿ ಮತ್ತೆ ಲೆಕ್ಕ ಹಾಕಿದೆವು. 850ರ ಹತ್ತಿರ ಬಂತು. ಎರಡಕ್ಕೂ ಹತ್ತು ಹನ್ನೆರಡೇ ಅಡಿ. ಒಂದರ ಶಾಖ ಇನ್ನೊಂದರ ಮೂರು ಪಟ್ಟಿಗೆ ಸಮೀಪ. ಅಡಿ ಕೇಳಿ ಟನ್ ಹೇಳುವ ಲೆಕ್ಕ ಎಷ್ಟು ಟೊಳ್ಳು ಎಂಬುದು ನನಗೆ ಅಂದು ಅರ್ಥವಾಯಿತು. ಈ ಅಂಕಿಗಳು ಅಂದಾಜಿನವು. ಗೋಡೆಯ ದಪ್ಪ, ಬಣ್ಣ, ಬೀದಿಯ ಮರ ಎಲ್ಲವೂ ಅವನ್ನು ಮೇಲೆ ಕೆಳಗೆ ಮಾಡುತ್ತವೆ. ಹಾಗೆ ಮೇಲೆ ಕೆಳಗೆ ಆಗುತ್ತವೆ ಎಂಬುದೇ ಯಾರಾದರೂ ಬಂದು ಕಣ್ಣಾರೆ ನೋಡಬೇಕು ಎನ್ನಲು ಕಾರಣ.

ನಮ್ಮ ಸೀಮೆಯಲ್ಲಿ ಛಾವಣಿಯ ಪಾಲು ಇಷ್ಟು ದೊಡ್ಡದಾಗಲು ಇನ್ನೊಂದು ಕಾರಣವಿದೆ. ತುಮಕೂರು ಭೂಮಧ್ಯರೇಖೆಯಿಂದ 13 ಡಿಗ್ರಿಗೆ ತುಸು ಬಡಗಣಕ್ಕಿದೆ. ಏಪ್ರಿಲ್ ಕೊನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ಬಂದು, ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಗುಬ್ಬಿಯಲ್ಲೂ ಕುಣಿಗಲ್ಲಿನಲ್ಲೂ ಅಷ್ಟೇ, ಒಂದೆರಡು ದಿನ ಹಿಂದೆ ಮುಂದೆ. ಮತ್ತೆ ಆಗಸ್ಟ್ ನಡುವೆ ಹಾಗೇ ಬರುತ್ತದೆ, ಆದರೆ ಆಗ ಮೋಡ ಕಾಯುತ್ತದೆ. ವರ್ಷದಲ್ಲಿ ಅತಿ ಹೆಚ್ಚು ಧಗೆಯ ದಿನಗಳೂ ಸೂರ್ಯ ನೆತ್ತಿಗೆ ಬರುವ ದಿನಗಳೂ ಒಂದೇ ಆದದ್ದು ನಮ್ಮ ಪಾಲಿನ ಸಂಗತಿ. ಆ ದಿನಗಳಲ್ಲಿ ಗೋಡೆಗೆ ಸಜ್ಜಾ ಇದ್ದರೆ ಸಾಕು, ತಾರಸಿಗೆ ಸಜ್ಜಾ ಇಲ್ಲ. ಹಳೆಯ ಬೂದು ಸಿಮೆಂಟು ತನ್ನ ಮೇಲೆ ಬಿದ್ದ ಬಿಸಿಲಿನ ಮೂರರಲ್ಲಿ ಎರಡು ಪಾಲನ್ನು ನುಂಗುತ್ತದೆ, ಐದಾರು ಅಂಗುಲದ ಮೋಲ್ಡು ಅದನ್ನು ಕೂಡಿಟ್ಟುಕೊಂಡು, ನಾವು ಊಟ ಮುಗಿಸಿ ಮಲಗಲು ಬರುವ ಹೊತ್ತಿಗೆ ಕೆಳಗೆ ಬಿಡುತ್ತದೆ. ಎಂಟುನೂರು ಮೀಟರಿಗೂ ಎತ್ತರದಲ್ಲಿರುವ ಊರು ನಮ್ಮದು. ಏಪ್ರಿಲ್‌ನಲ್ಲೂ ರಾತ್ರಿ ಹೊರಗೆ ಹಿತವಾಗಿರುತ್ತದೆ. ಒಳಗೆ ಬೆಂದರೆ ಅದು ಹಗಲಿನ ಬಿಸಿಲು ಮನೆಯೊಳಗೆ ಉಳಿದುಹೋಗಿರುವುದರಿಂದ.

ಇಲ್ಲೇ 18ರ ಗುಟ್ಟೂ ಇದೆ. ಸೆಕೆಯನ್ನು ನಮ್ಮ ಮೈ ಗಾಳಿಯಿಂದ ಮಾತ್ರ ತಿಳಿಯುವುದಿಲ್ಲ, ಸುತ್ತಲ ಮೇಲ್ಮೈಗಳಿಂದಲೂ ತಿಳಿಯುತ್ತದೆ. ಬೆಂಕಿಯ ಮುಂದೆ ಕೂತವನಿಗೆ ಗಾಳಿ ತಣ್ಣಗಿದ್ದರೂ ಮುಖ ಸುಡುವ ಹಾಗೆ. ಎಸಿಯ ಥರ್ಮೋಸ್ಟಾಟ್ ಅಳೆಯುವುದು ತನ್ನ ಬಾಯಿಗೆ ಬರುವ ಗಾಳಿಯನ್ನು. ಛಾವಣಿಯ ಕಾವು ಅದಕ್ಕೆ ಕಾಣದು. ದೊಡ್ಡ ಯಂತ್ರ ಗಾಳಿಯನ್ನು ಬೇಗ ತಂಪು ಮಾಡಿ, ಕೆಲಸ ಮುಗಿಯಿತೆಂದು ನಿಲ್ಲುತ್ತದೆ. ಛಾವಣಿ ಮಾತ್ರ ಕಾಯುತ್ತಲೇ ಇರುತ್ತದೆ. ಚಿಕ್ಕ ಯಂತ್ರ ಬಿಡದೆ ನಿಧಾನಕ್ಕೆ ಓಡಿ ಆ ಕಾವನ್ನು ಹೀರುತ್ತ ಹೋಗುತ್ತದೆ. ಮಳೆಗಾಲದಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಗಾಳಿಯ ತೇವ ತೆಗೆಯಲು ಒಳಗಿನ ಕಾಯಿಲ್ ಬಹಳ ಹೊತ್ತು ತಣ್ಣಗಿರಬೇಕು. ಹತ್ತು ನಿಮಿಷಕ್ಕೊಮ್ಮೆ ನಿಲ್ಲುವ ಯಂತ್ರದ ಕಾಯಿಲ್ ಮೇಲೆ ಕೂಡಿದ ನೀರು ಹೊರಗೆ ಹರಿಯುವ ಮೊದಲೇ ಫ್ಯಾನಿನ ಗಾಳಿಗೆ ಮತ್ತೆ ಕೋಣೆಗೆ ಸೇರುತ್ತದೆ. ಹಾಸಿಗೆ ಜಿಗಟು ಜಿಗಟು. ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕೆ ತನ್ನ ಮೊದಲ ವ್ಯವಸ್ಥೆ ರೂಪಿಸಿದ್ದೇ ತೇವಕ್ಕಾಗಿ. ತೇವದಿಂದ ಕಾಗದ ಹಿಗ್ಗಿ ಕುಗ್ಗಿ ಬಣ್ಣದ ಅಚ್ಚು ಸರಿಯಾಗಿ ಕೂರುತ್ತಿರಲಿಲ್ಲ. ನಮ್ಮ ಸಿನಿಮಾ ಮಂದಿರಗಳ ಹಲಗೆಯ ಮೇಲೆ ಬರೆಯುತ್ತಿದ್ದ ‘ಹವಾನಿಯಂತ್ರಿತ’ ಎಂಬ ಹಳೆಯ ಪದ ನನಗೆ ಈಗ ಬಲು ಖಚಿತವೆನಿಸುತ್ತದೆ. ಹವೆಯನ್ನು ಹಿಡಿತದಲ್ಲಿಡುವುದು, ಕೊರೆಸುವುದಲ್ಲ.

ಇನ್ವರ್ಟರ್ ಇದ್ದರೆ ಎಷ್ಟು ದೊಡ್ಡದಾದರೂ ನಡೆಯುತ್ತದೆ ಎಂಬ ಮಾತನ್ನೂ ಈಚೆಗೆ ಹೆಚ್ಚು ಕೇಳುತ್ತೇವೆ. ಇನ್ವರ್ಟರ್ ಯಂತ್ರ ತನ್ನ ವೇಗ ಇಳಿಸಿಕೊಳ್ಳಬಲ್ಲದು ನಿಜ. ಆದರೆ ಅದಕ್ಕೂ ಒಂದು ಕೆಳಮಿತಿ ಇದೆ. 850 ವ್ಯಾಟ್ ಶಾಖದ ಕೋಣೆಗೆ ಒಂದೂವರೆ ಟನ್ ಹಾಕಿದರೆ ಅದೂ ನಿಂತು ನಿಂತು ಓಡುತ್ತದೆ.

ಇಷ್ಟು ಸರಳ ಲೆಕ್ಕವನ್ನು ಯಾರೂ ಯಾಕೆ ಮಾಡುವುದಿಲ್ಲ? ಯಾರ ಮೇಲೂ ಸಿಟ್ಟಿಲ್ಲದೆ ಹೇಳುತ್ತೇನೆ: ವ್ಯಾಪಾರ ನಡೆಯುವ ಕ್ರಮದಲ್ಲೇ ಅದಕ್ಕೆ ಜಾಗವಿಲ್ಲ. ಅಂಗಡಿಯವರಿಗೆ ಬೆಲೆ ಗೊತ್ತು, ನಮ್ಮ ಮನೆ ಗೊತ್ತಿಲ್ಲ. ಫಿಟ್ಟಿಂಗ್‌ಗೆ ಬರುವವರು ನಮ್ಮ ಮನೆ ನೋಡುತ್ತಾರೆ, ಆದರೆ ಅಷ್ಟರಲ್ಲಿ ದುಡ್ಡು ಕೊಟ್ಟಾಗಿರುತ್ತದೆ, ಡಬ್ಬ ಹಜಾರದಲ್ಲಿರುತ್ತದೆ. ಅವರಿಗೆ ಸಿಗುವುದು ಹಾಕಿದ ಲೆಕ್ಕಕ್ಕೆ ಕೂಲಿ. ಮೇ ತಿಂಗಳಲ್ಲಿ ದಿನಕ್ಕೆ ಮೂರು ನಾಲ್ಕು ಮನೆ ಮುಗಿಸಬೇಕು. ‘ಇದು ದೊಡ್ಡದಾಯ್ತು, ವಾಪಸ್ ಕಳಿಸಿ’ ಎಂದು ಹೇಳುವ ಧೈರ್ಯವಾದರೂ ಎಲ್ಲಿಂದ ಬರಬೇಕು? ಗುಬ್ಬಿ, ಕುಣಿಗಲ್ಲಿನ ಕಡೆಯವರಿಗೆ ಇದು ಇನ್ನೂ ಕಷ್ಟ. ತುಮಕೂರಿನಿಂದಲೋ ಬೆಂಗಳೂರಿನಿಂದಲೋ ಬರುವ ಹುಡುಗ ಬಸ್ಸಿನ ಹೊತ್ತು ನೋಡುತ್ತಲೇ ಕೆಲಸ ಮಾಡುತ್ತಾನೆ. ಟೆಕ್ಸಾಸಿನಲ್ಲೋ ನ್ಯೂಜೆರ್ಸಿಯಲ್ಲೋ ಮನೆ ಕಟ್ಟಿಸಿದ ನಮ್ಮವರನ್ನು ಕೇಳಿ ನೋಡಿ, ‘ಮ್ಯಾನುಯಲ್ ಜೆ’ ಎಂಬ ಹೆಸರು ಅವರ ಕಿವಿಗೆ ಬಿದ್ದಿರುತ್ತದೆ. ಮನೆಯ ಶಾಖ ಲೆಕ್ಕ ಹಾಕುವ ಕ್ರಮ ಅದು. ಅಲ್ಲಿ ಅನೇಕ ಕಡೆ ಕಟ್ಟಡದ ನಿಯಮವೇ ಅದನ್ನು ಕೇಳುತ್ತದೆ. ನಮ್ಮಲ್ಲಿ ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಇಕೋ ನಿವಾಸ್ ಸಂಹಿತೆ ಛಾವಣಿಯ ಮೂಲಕ ಶಾಖ ಎಷ್ಟು ದಾಟಬಹುದು ಎಂಬುದಕ್ಕೆ ಮಿತಿ ಹಾಕಿದೆ: ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 1.2 ವ್ಯಾಟ್. ಏನೂ ಹೊದಿಸದ ನಮ್ಮ ಮಾಮೂಲಿ ಮೋಲ್ಡು ಅದರ ಮೂರು ಪಟ್ಟಿನ ಹತ್ತಿರ ಬಿಡುತ್ತದೆ. ಮನೆ ಕಟ್ಟುವ ಮೇಸ್ತ್ರಿಗೆ ಈ ಅಂಕಿ ಮುಟ್ಟಿಸಿದವರನ್ನು ನಾನು ಇನ್ನೂ ಕಂಡಿಲ್ಲ.

ಹಾಗಾದರೆ ತಾರಸಿ ಹತ್ತುವ ಆ ಮನುಷ್ಯನನ್ನು ಹುಡುಕುವುದು ಹೇಗೆ? ನನಗೆ ಅವರು ಸಿಕ್ಕಿದ್ದು ಒಂದು ಸ್ಕ್ಯಾನಿಂಗ್ ಸೆಂಟರ್‌ನ ಮೂಲಕ. ತಪಾಸಣೆಗೆ ಹೋಗಿ ಕಾಯುತ್ತ ಕೂತಾಗ ಹೊಳೆಯಿತು: ಇಲ್ಲಿ ಎಸಿ ನಿಂತರೆ ಯಂತ್ರ ನಿಲ್ಲುತ್ತದೆ, ಯಂತ್ರ ನಿಂತರೆ ರೋಗಿಗಳು ವಾಪಸ್ ಹೋಗುತ್ತಾರೆ. ಇಂಥ ಕಡೆಗೆ ಬರುವವರು ಯಾರು ಎಂದು ಕೌಂಟರಿನಲ್ಲಿ ಕೇಳಿದೆ. ಎಟಿಎಂ ಕೋಣೆ, ಲ್ಯಾಬು, ಕಾಲೇಜಿನ ಕಂಪ್ಯೂಟರ್ ಕೊಠಡಿ, ಇಂಥ ಕಡೆ ವರ್ಷಗಟ್ಟಲೆ ದುಡಿದವರಿಗೆ ಯಂತ್ರದ ಬ್ರಾಂಡಿಗಿಂತ ಕೋಣೆಯ ಕಾವು ಚೆನ್ನಾಗಿ ಗೊತ್ತಿರುತ್ತದೆ. ತಪ್ಪು ಅಳತೆಯ ಯಂತ್ರ ಹಾಕಿದರೆ ವಾರಕ್ಕೊಮ್ಮೆ ಅವರನ್ನೇ ಕರೆಯುತ್ತಾರೆ, ಹಾಗಾಗಿ ಮೊದಲೇ ಅಳೆಯುವುದನ್ನು ಕಲಿತಿರುತ್ತಾರೆ. ನಮ್ಮ ಮೆಕ್ಯಾನಿಕ್ ಐಟಿಐನಲ್ಲಿ ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗ್ ವಿಭಾಗದ ಎರಡು ವರ್ಷದ ತರಬೇತಿ ಮುಗಿಸಿ, ಕಿಟಕಿ ಎಸಿಗಳ ಕಾಲದಿಂದ ಈ ಕೆಲಸದಲ್ಲಿರುವವರು. 2019ರ ಮಾರ್ಚ್‌ನಲ್ಲಿ ಕೇಂದ್ರ ಹೊರತಂದ ಭಾರತದ ಕೂಲಿಂಗ್ ಕ್ರಿಯಾ ಯೋಜನೆ ಒಂದು ಲಕ್ಷ ಟೆಕ್ನಿಷಿಯನ್‌ಗಳಿಗೆ ತರಬೇತಿ ಕೊಟ್ಟು ಪ್ರಮಾಣಪತ್ರ ನೀಡುವ ಗುರಿ ಇಟ್ಟುಕೊಂಡಿತ್ತು. ಬರುವವರ ಬಳಿ ಐಟಿಐನದ್ದೋ ಇಂಥ ತರಬೇತಿಯದ್ದೋ ಪತ್ರವಿದೆಯೇ ಎಂದು ಕೇಳಲು ಸಂಕೋಚ ಬೇಡ. ಇದ್ದವರು ಹೆಮ್ಮೆಯಿಂದ ತೋರಿಸುತ್ತಾರೆ.

ಪತ್ರಕ್ಕಿಂತಲೂ ನಾನು ಈಗ ನೋಡುವುದು ಅವರು ಏನು ಕೇಳುತ್ತಾರೆ ಎಂಬುದನ್ನು. ನಮ್ಮವರ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ಕಿದೆ. ಮನೆಯ ಬಾಗಿಲು ಯಾವ ದಿಕ್ಕಿಗೆ, ಮೇಲೆ ಮನೆಯಿದೆಯೇ ಬಯಲೇ, ಕಿಟಕಿಯ ಅಳತೆ, ಹೊರಗೆ ನೆರಳಿದೆಯೇ, ಹಗಲು ಹಾಕುತ್ತೀರೋ ರಾತ್ರಿಯೋ, ಎಷ್ಟು ಜನ ಮಲಗುತ್ತೀರಿ ಎಂದು ಕೇಳಿ ಬರೆದುಕೊಂಡರು. ಟೇಪು ಹಿಡಿದು ಎತ್ತರವನ್ನೂ ಅಳೆದರು. ಆಮೇಲೆ ಕರೆಂಟ್ ಬಿಲ್ ಕೇಳಿದರು. ಕೊನೆಗೆ, ನಾನು ತಲೆತಗ್ಗಿಸುವಂತೆ ಮಾಡಿದ ಮಾತು: ‘ನೋಡಿದ್ದಕ್ಕೆ ಐನೂರು ರೂಪಾಯಿ ಆಗ್ತದೆ ಸಾರ್, ಎಸಿ ತಗೊಂಡ್ರೂ ಅಷ್ಟೆ, ತಗೊಳ್ದಿದ್ರೂ ಅಷ್ಟೆ.’ ಮೂರು ವರ್ಷದ ಹಿಂದೆ ನಾನೇ ಇಂಥವರನ್ನು ಹುಡುಕಿ ಈ ದುಡ್ಡು ಕೊಡಬೇಕಿತ್ತು. ಸಲಹೆ ಬಿಟ್ಟಿ ಸಿಗಬೇಕೆಂದು ನಾವು ಬಯಸುವವರೆಗೆ, ಆ ಸಲಹೆಯ ಬೆಲೆಯನ್ನು ಯಂತ್ರದ ಬೆಲೆಯಲ್ಲಿ ಸೇರಿಸಿಯೇ ಮಾರುತ್ತಾರೆ. ನೋಡುವ ಕೆಲಸಕ್ಕೆ ಕೂಲಿ ಕೊಟ್ಟರೆ ಮಾತ್ರ ‘ಬೇಡ’ ಎನ್ನುವ ಸ್ವಾತಂತ್ರ್ಯ ಅವರಿಗಿರುತ್ತದೆ.

ನನಗೆ ಅವರು ಹೇಳಿದ್ದೂ ಅದನ್ನೇ. ಹೊಸದು ಬೇಡ. ತಾರಸಿಗೆ ಬಿಳಿ ಬಳಿಸಿ. ಸುಣ್ಣವಾದರೆ ಪ್ರತಿ ಬೇಸಿಗೆಗೆ ಮುಂಚೆ, ಬಿಸಿಲು ತಡೆಯುವ ಬಿಳಿ ಪೇಂಟಾದರೆ ಕೆಲವು ವರ್ಷಕ್ಕೊಮ್ಮೆ. ಪಡುವಣ ಕಿಟಕಿಗೆ ಹೊರಗಡೆಯಿಂದ ಬಿದಿರಿನ ತಟ್ಟಿ ಕಟ್ಟಿಸಿ. ಒಳಗಿನ ಪರದೆ ಬಿಸಿಲನ್ನು ಮನೆಯೊಳಗೆ ಬರಮಾಡಿಕೊಂಡ ಮೇಲೆ ತಡೆಯುತ್ತದೆ, ಹೊರಗಿನ ತಟ್ಟಿ ಗಾಜಿಗೆ ಮುಟ್ಟುವ ಮೊದಲೇ ತಡೆಯುತ್ತದೆ. ಈಗಿರುವುದನ್ನು 26ಕ್ಕೆ ಇಟ್ಟು ಫ್ಯಾನ್ ಹಾಕಿಕೊಳ್ಳಿ. ಅದರ ಆಯಸ್ಸು ಮುಗಿದ ದಿನ ಒಂದು ಟನ್ನಿನದು ತನ್ನಿ. ಅಣ್ಣನ ಮಗ ಲೆಕ್ಕ ತಿದ್ದಿದ: ಛಾವಣಿಯದು ಅರ್ಧಕ್ಕೆ, ಕಿಟಕಿಯದು ಅರ್ಧಕ್ಕೂ ಕೆಳಗೆ, ಒಟ್ಟು 1,600 ವ್ಯಾಟ್. ಇದು ಬಿಲ್ಲಿಗೂ ಸಂಬಂಧಿಸಿದ್ದು. ಗೃಹಜ್ಯೋತಿಯಲ್ಲಿ ನಮ್ಮ ಸರಾಸರಿಗೆ ತಕ್ಕ ಯೂನಿಟ್ ಉಚಿತ, ಅದನ್ನು ಮೀರಿದರೆ ಮೀರಿದ್ದಕ್ಕೆ ದುಡ್ಡು. ತಿಂಗಳಿಗೆ 200 ದಾಟಿದರೆ ಪೂರ್ತಿ ಬಿಲ್ ನಮ್ಮ ಮೇಲೆ. ಎಸಿ ಇಲ್ಲದ ತಿಂಗಳಲ್ಲಿ ನಮ್ಮದು 110ರ ಹತ್ತಿರ. ಕಾದ ಛಾವಣಿಯ ಕೆಳಗೆ ರಾತ್ರಿ ಆರು ಗಂಟೆ ಓಡಿಸಿದರೆ 160 ಯೂನಿಟ್ ಸೇರುತ್ತಿತ್ತು, ಗೆರೆ ದಾಟುತ್ತಿದ್ದೆವು. ಬಿಳಿ ಬಳಿದ ಛಾವಣಿಯ ಕೆಳಗೆ ಒಳ್ಳೆಯ ಒಂದು ಟನ್ನಿನದಾದರೆ 70ರ ಸುತ್ತಮುತ್ತ, ಗೆರೆಯೊಳಗೇ. ಒಂದು ಡಬ್ಬ ಸುಣ್ಣವೂ ಸರಿಯಾದ ಅಳತೆಯ ಯಂತ್ರವೂ ಸೇರಿ ನಮ್ಮನ್ನು ಆ ಗೆರೆಯ ಇತ್ತ ಉಳಿಸಬಲ್ಲವು.

ಲೇಬಲ್ಲಿನ ಬಗ್ಗೆ ಎರಡು ಮಾತು. ಒಂದೂವರೆ ಟನ್ ಎಂದು ಬರೆದ ಯಂತ್ರಗಳೆಲ್ಲ ಒಂದೇ ಅಲ್ಲ. ಲೆಕ್ಕದ ಪ್ರಕಾರ 5,275 ವ್ಯಾಟ್ ಇರಬೇಕಾದ್ದು, ಲೇಬಲ್ಲಿನಲ್ಲಿ 4,800 ಅಂತಲೂ ಇರುತ್ತದೆ, 5,100 ಅಂತಲೂ ಇರುತ್ತದೆ. ಆದ್ದರಿಂದ ಟನ್ ಬಿಟ್ಟು, ನಕ್ಷತ್ರದ ಲೇಬಲ್ಲಿನ ಮೇಲಿರುವ ವ್ಯಾಟ್ ಓದಿ. ವರ್ಷಕ್ಕೆ ಇಷ್ಟು ಯೂನಿಟ್ ಎಂದು ಅದರ ಮೇಲೆ ಬರೆದಿರುವುದು 1,600 ಗಂಟೆಯ ಬಳಕೆಗೆ. ತುಮಕೂರಿನಲ್ಲಿ ಮಾರ್ಚ್ ನಡುವಿನಿಂದ ಮೇ ಕೊನೆಯವರೆಗೆ ರಾತ್ರಿ ಆರು ಗಂಟೆ ಓಡಿಸಿದರೂ 450 ಗಂಟೆ. ಐದು ನಕ್ಷತ್ರಕ್ಕೆ ಕೊಡುವ ಹೆಚ್ಚಿನ ದುಡ್ಡು ರಾಯಚೂರಿನವರಿಗೆ ಮರಳಿ ಬರುವಷ್ಟು ಬೇಗ ನಮಗೆ ಬರುವುದಿಲ್ಲ. ಆ ದುಡ್ಡಿನ ಒಂದು ಪಾಲನ್ನು ತಾರಸಿಗೆ ಹಾಕಿದರೆ ನಾನು ಮೆಚ್ಚುತ್ತೇನೆ.

ಅವರ ಮೇಲೆ ನಂಬಿಕೆ ಕುದುರಿದ ಮೇಲೆ ಕುಣಿಗಲ್ಲಿಗೆ ಕರೆದುಕೊಂಡು ಹೋದೆ. ಜನಪದ ಹಾಡಿನಿಂದ ನಾಡಿಗೆಲ್ಲ ಗೊತ್ತಿರುವ ಆ ಊರಿನ ದೊಡ್ಡ ಕೆರೆಗೆ ಸಮೀಪದಲ್ಲೇ ದೊಡ್ಡಮ್ಮನ ಮಗ ಹೊಸ ಮನೆ ಕಟ್ಟಿಸಿದ್ದಾನೆ. ಹಜಾರ, ಊಟದ ಜಾಗ, ಅಡುಗೆಮನೆ ಎಲ್ಲ ಒಂದೇ ಬಯಲು, ಹಜಾರದಿಂದಲೇ ಮಹಡಿಗೆ ಮೆಟ್ಟಿಲು. ಅಲ್ಲಿಗೆ ಎರಡು ಟನ್ ಹಾಕಿಸಬೇಕೆಂದು ಅವನಿಗಾಸೆ. ನಮ್ಮ ಮೆಕ್ಯಾನಿಕ್ ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡಿದರು. ‘ಬಾಗಿಲೇ ಇಲ್ಲ. ಎಲ್ಲಿವರೆಗೆ ತಣ್ಣಗೆ ಮಾಡಾಣ?’ ಎಂದರು. ಗ್ಯಾಸ್ ಒಲೆಯ ಒಂದು ಬರ್ನರ್ ಪೂರ್ತಿ ಉರಿದರೆ ಎರಡು ಸಾವಿರ ವ್ಯಾಟಿಗೂ ಮೀರಿದ ಶಾಖ, ಅಂದರೆ ಅರ್ಧ ಟನ್ನನ್ನು ಅದೊಂದೇ ತಿಂದುಹಾಕುತ್ತದೆ. ಮೆಟ್ಟಿಲ ದಾರಿಯಿಂದ ಮಹಡಿಯ ಬಿಸಿಗಾಳಿಯೂ ಕೆಳಗಿನ ತಂಪೂ ಬೆರೆಯುತ್ತಲೇ ಇರುತ್ತವೆ. ಇಂಥ ಜಾಗಕ್ಕೆ ಯಾವ ಅಳತೆಯೂ ಸರಿಯಾದ ಅಳತೆಯಲ್ಲ. ಅವರು ದೊಡ್ಡಮ್ಮನ ಕೋಣೆ ಎಲ್ಲಿ ಎಂದು ಕೇಳಿದರು. ಎಂಬತ್ತರ ಹತ್ತಿರದ ದೊಡ್ಡಮ್ಮನಿಗೆ ಬೇಸಿಗೆ ರಾತ್ರಿ ನಿದ್ದೆ ಇಲ್ಲ. ಎಸಿಯ ಮಾತು ಎದ್ದಿದ್ದೇ ಅವರಿಂದ, ಮಾತು ಹಜಾರಕ್ಕೆ ಹೋಗಿಬಿಟ್ಟಿತ್ತು. ಕೋಣೆ ನೆಲಮಹಡಿಯಲ್ಲಿ, ಮೂಡಣಕ್ಕೆ ಕಿಟಕಿ. ಮಾರುಕಟ್ಟೆಯಲ್ಲಿ ಸಿಗುವ ಅತಿ ಚಿಕ್ಕ ಇನ್ವರ್ಟರ್ ಸಾಕು, ಒಂದು ಟನ್ನಿಗೂ ಕಡಿಮೆಯದು ಎಂದರು. ಗಾಳಿ ಹಾಸಿಗೆಯ ಮೇಲೆ ನೇರ ಬೀಳದ ಗೋಡೆಯನ್ನು ದೊಡ್ಡಮ್ಮನನ್ನೇ ಕೇಳಿ ಗುರುತು ಹಾಕಿದರು. ‘ಅವ್ವಾ, ತಲೆ ಯಾವ ಕಡೆಗೆ ಹಾಕ್ತೀರಾ?’ ಆ ಮನೆಯಲ್ಲಿ ಆ ವಿಷಯವಾಗಿ ದೊಡ್ಡಮ್ಮನನ್ನು ಯಾರಾದರೂ ಕೇಳಿದ್ದು ಅದೇ ಮೊದಲು.

ಹಾಕುವ ದಿನ ನಾನೂ ಹೋಗಿದ್ದೆ, ನೋಡಬೇಕೆಂಬ ಆಸೆಯಿಂದ. ಎಷ್ಟೇ ಸರಿಯಾದ ಅಳತೆ ತಂದರೂ ಹಾಕುವುದರಲ್ಲಿ ಕೆಟ್ಟರೆ ಅದು ಹೇಳಿದ ವ್ಯಾಟ್ ಕೊಡುವುದಿಲ್ಲ. ಮುಖ್ಯವಾದದ್ದು ವ್ಯಾಕ್ಯೂಮ್. ತಾಮ್ರದ ಪೈಪು ಜೋಡಿಸಿದಾಗ ಒಳಗೆ ಗಾಳಿಯೂ ತೇವವೂ ಸೇರಿರುತ್ತವೆ. ಅದನ್ನು ಪಂಪಿನಿಂದ ಎಳೆದು ಬರಿದು ಮಾಡಿ, ಮುಳ್ಳು ಸ್ವಲ್ಪ ಹೊತ್ತು ಕದಲದೆ ನಿಂತದ್ದನ್ನು ನೋಡಿ, ಆಮೇಲೆ ಗ್ಯಾಸ್ ಬಿಡಬೇಕು. ಅವಸರದವರು ಯಂತ್ರದೊಳಗಿನ ಗ್ಯಾಸನ್ನೇ ಒಂದಿಷ್ಟು ಬಿಟ್ಟು ಗಾಳಿಯನ್ನು ತಳ್ಳಿಬಿಡುತ್ತಾರೆ. ಆಗ ಗ್ಯಾಸ್ ಕಡಿಮೆಯಾಗುತ್ತದೆ, ಉಳಿದ ತೇವ ಎಣ್ಣೆಯೊಂದಿಗೆ ಸೇರಿ ಆಮ್ಲವಾಗಿ ವರ್ಷಗಳಲ್ಲಿ ಕಂಪ್ರೆಸರನ್ನು ತಿನ್ನುತ್ತದೆ. ಈಗಿನ ಹೆಚ್ಚಿನ ಯಂತ್ರಗಳಲ್ಲಿರುವ ಆರ್-32 ಅನಿಲ ತುಸು ಉರಿಯುವ ಗುಣದ್ದು ಬೇರೆ, ಹಾಗೆ ಮನೆಯೊಳಗೆ ಬಿಡುವಂಥದ್ದಲ್ಲ. ‘ಪಂಪ್ ತರ್ತೀರಾ?’ ಎಂಬ ಒಂದು ಪ್ರಶ್ನೆಯನ್ನು ಫೋನಿನಲ್ಲೇ ಕೇಳಿಬಿಡಿ, ಬರುವವರು ಎಂಥವರೆಂದು ಅರ್ಧ ತಿಳಿಯುತ್ತದೆ. ಔಟ್‌ಡೋರ್ ಯೂನಿಟ್ಟನ್ನು ಎರಡು ಮನೆಗಳ ನಡುವಿನ ಮೂರಡಿ ಸಂದಿಗೆ ತುರುಕಿದರೆ ತಾನು ಉಗುಳಿದ ಬಿಸಿಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತದೆ. ಅವರು ಅದನ್ನು ಹಿತ್ತಿಲ ಕಡೆ, ಗಾಳಿಯಾಡುವ ನೆರಳಿಗೆ ಹಾಕಿದರು. ರಾತ್ರಿ ಎಂಟರ ಹೊತ್ತಿಗೆ ಮೀಟರ್ ಹಿಡಿದು ವೋಲ್ಟೇಜ್ ನೋಡಿ, ಅರ್ಥಿಂಗ್ ಪರೀಕ್ಷಿಸಿ, ಬೆಸ್ಕಾಂ ಬಿಲ್ಲಿನಲ್ಲಿರುವ ಮಂಜೂರಾದ ಲೋಡ್ ಸಾಲದೆಂದು ಹೇಳಿ, ಅದನ್ನು ಏರಿಸಲು ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರನ್ನು ನೋಡಲು ತಿಳಿಸಿದರು.

ಗುಬ್ಬಿಯದು ಬೇರೆಯೇ ಕಥೆ. ಅಕ್ಕನ ಮನೆ ಭಾವನ ಅಜ್ಜನ ಕಾಲದ್ದು, ಹೆಂಚಿನದು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಹರಡಿದ ಆ ಕೆಂಪು ಹೆಂಚು ನಮ್ಮ ಕಡೆಯ ಹಳೆಮನೆಗಳ ತಲೆಯ ಮೇಲೆಲ್ಲ ಇದೆ. ಹೆಂಚು ತೆಳ್ಳಗೆ, ಬೇಗ ಕಾಯುತ್ತದೆ, ಬೇಗ ಆರುತ್ತದೆ. ಸಂದಿಗಳಿಂದ ಗಾಳಿ ಓಡಾಡುತ್ತದೆ, ಅದೇ ಅದರ ಗುಣ. ಅಲ್ಲಿಗೆ ಎಸಿ ಹಾಕಿದರೆ ತಂಪೂ ಆ ಸಂದಿಗಳಿಂದಲೇ ಹೋಗುತ್ತದೆ. ಫಾಲ್ಸ್ ಸೀಲಿಂಗ್ ಮಾಡಿಸಿ ಎರಡು ಟನ್ ಹಾಕಿಸಿ ಎಂದು ಯಾರೋ ಹೇಳಿಹೋಗಿದ್ದರು. ನಮ್ಮವರು ಅಲ್ಲೂ ಮೊದಲು ಮೇಲೆಯೇ ಹೋದರು. ಹೆಂಚಿನ ಕೆಳಗೆ ಗಟ್ಟಿ ಹಲಗೆಯ ಅಟ್ಟವಿತ್ತು, ಬರಿದಾಗಿತ್ತು. ಒಂದೆರಡು ಹೆಂಚು ಒಡೆದು ಬಿಸಿಲು ಕೋಲುಕೋಲಾಗಿ ಹಲಗೆಯ ಮೇಲೆ ಬೀಳುತ್ತಿತ್ತು.

‘ಇಲ್ಲಿ ಮುಂಚೆ ಏನಿಡ್ತಿದ್ರಿ ಅಕ್ಕಾ?’

‘ಕಾಯಿ. ಕೊಬ್ಬರಿಗೆ ಅಂತ. ನಮ್ಮ ಮಾವನೋರು ಇರೋ ತನಕ ತುಂಬಿರ್ತಿತ್ತು. ಈಗ ಎಲ್ಲಾ ಎಳನೀರಿಗೇ ಕೊಟ್‌ಬಿಡ್ತೀವಿ.’

ನಮ್ಮ ಸೀಮೆಯ ಉಂಡೆ ಕೊಬ್ಬರಿ ಆಗುವುದೇ ಹಾಗೆ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಸಿಪ್ಪೆಯ ನಾರು, ಕಾಯಿ ಕಾಯಿಗಳ ನಡುವಿನ ಗಾಳಿ, ಅದರ ಮೇಲೆ ಹೆಂಚು. ಕೋಣೆಗೂ ಬಿಸಿಲಿಗೂ ನಡುವೆ ಎರಡು ಮೂರಡಿ ದಪ್ಪದ ಹೊದಿಕೆ ವರ್ಷವಿಡೀ ಇರುತ್ತಿತ್ತು. ಬಿಸಿಲಿನ ಕಾವು ಕಾಯನ್ನು ಒಣಗಿಸುತ್ತಿತ್ತು, ಕೆಳಗೆ ಮಲಗಿದವರನ್ನು ಮುಟ್ಟುತ್ತಿರಲಿಲ್ಲ. ಹಳೆಯ ಮನೆ ತಂಪು ಎಂದು ನಾವೆಲ್ಲ ಹೇಳುತ್ತ ಬಂದದ್ದರಲ್ಲಿ ಆ ಕಾಯಿರಾಶಿಯ ಪಾಲು ಎಷ್ಟಿತ್ತೆಂದು ಅಟ್ಟ ಬರಿದಾದ ಮೇಲೂ ಯಾರಿಗೂ ಹೊಳೆದಿರಲಿಲ್ಲ. ಅಕ್ಕ ಅಟ್ಟದ ಏಣಿಯ ಮೇಲೆ ಅರ್ಧ ಹತ್ತಿ ನಿಂತು ಬರಿದಾದ ಹಲಗೆಯನ್ನೇ ನೋಡುತ್ತಿದ್ದಳು. ಒಡೆದ ಹೆಂಚು ಈ ವಾರವೇ ಹಾಕಿಸುತ್ತೇವೆ, ಬರುವ ಕೊಯ್ಲಿನ ಕಾಯಲ್ಲಿ ಒಂದಷ್ಟನ್ನಾದರೂ ಮೇಲೇರಿಸೋಣ ಎಂದರು ಭಾವ.

ಮೆಕ್ಯಾನಿಕ್ ಏಣಿಯಿಂದ ಇಳಿದು ಕೈ ಒರೆಸಿಕೊಂಡು ನೋಟ್‌ಬುಕ್ ತೆಗೆದರು. ಗುಬ್ಬಿ ಎಂದು ಬರೆದು, ಕೋಣೆಯ ಅಳತೆ, ದಿಕ್ಕು, ಅಟ್ಟದ ಎತ್ತರ ಗುರುತು ಹಾಕಿದರು. ಟನ್ ಎಂದಿದ್ದ ಕಡೆ ಅಂಕಿಯ ಜಾಗ ಖಾಲಿ ಬಿಟ್ಟು, ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಬರೆದದ್ದನ್ನು ನಾನು ಬಗ್ಗಿ ಓದಿದೆ: ಕಾಯಿ ತುಂಬಿದ ಮೇಲೆ ಇನ್ನೊಂದು ಸಲ ನೋಡುವುದು.